ಅಡಿಕೆ ಒಲೆಯ ಸೌದೆ: ಆರಿಸುವ ಕಣ್ಣು, ಕೊಳ್ಳುವ ಕಾಲ

ಶಿಕಾರಿಪುರ, ಸೊರಬದ ಬಚ್ಚಲ ಒಲೆಗೆ ಏನು ಹಾಕಿದರೂ ನಡೆಯುತ್ತದೆ. ತೋಟದಲ್ಲಿ ಬಿದ್ದ ಸೋಗೆ, ತೆಂಗಿನ ಮಟ್ಟೆ, ಒಣ ಪುಳ್ಳೆ ಇದ್ದರೆ ಹಂಡೆ ನೀರು ಕಾಯುತ್ತದೆ. ಅಡಿಕೆ ಬೇಯಿಸುವ ಒಲೆಗೆ ಅದು ಆಗದು. ಸುಲಿದ ಹಸಿ ಅಡಿಕೆ ಚೊಗರಿನ ನೀರಿನಲ್ಲಿ ಕುದಿಯುವಷ್ಟು ಹೊತ್ತೂ ಉರಿ ಒಂದೇ ಹದದಲ್ಲಿರಬೇಕು. ಕೊನೆ ಕೊಯ್ಲಿನ ದಿನಗಳಲ್ಲಿ ಒಂದು ಹಂಡೆ ಇಳಿಯುವಷ್ಟರಲ್ಲಿ ಇನ್ನೊಂದಕ್ಕೆ ಅಡಿಕೆ ಕಾದಿರುತ್ತದೆ. ಹಾಗಾಗಿ ಇಲ್ಲಿ ಸೌದೆ ಕೊಳ್ಳುವುದೂ ಒಂದು ಕಸುಬೇ.

ಬಲ್ಲವರು ಮೊದಲು ನೋಡುವುದು ತುಂಡಿನ ತುದಿಯನ್ನು. ಒಣಗಿದ ಮರದ ತುದಿಯಲ್ಲಿ ನಡುವಿನಿಂದ ಅಂಚಿಗೆ ಬಿರುಕು ಬಿಟ್ಟಿರುತ್ತದೆ, ತೊಗಟೆ ಸಡಿಲವಾಗಿರುತ್ತದೆ. ಎರಡು ಸೀಳನ್ನು ಒಂದಕ್ಕೊಂದು ಬಡಿದರೆ ಠಣ್ ಎನ್ನಬೇಕು. ಮೊದ್ದು ಸದ್ದು ಬಂದರೆ ಒಳಗೆ ಇನ್ನೂ ಹಸಿ. ಆಗಷ್ಟೇ ಕಡಿದ ಮರದ ತೂಕದಲ್ಲಿ ಸುಮಾರು ಅರ್ಧ ನೀರು, ಚೆನ್ನಾಗಿ ಒಣಗಿದ್ದರಲ್ಲಿ ಶೇ 15ರಿಂದ 20. ಹಸಿಯನ್ನು ತೂಕಕ್ಕೆ ಕೊಂಡವರು ನೀರಿಗೆ ದುಡ್ಡು ಕೊಟ್ಟು, ಆ ನೀರನ್ನು ಆರಿಸಲು ಮತ್ತೆ ಸೌದೆ ಸುಡುತ್ತಾರೆ. ಟ್ರ್ಯಾಕ್ಟರ್ ಲೋಡಿನ ಲೆಕ್ಕವಾದರೆ ಸೊಟ್ಟ ಕೊಂಬೆಗಳ ನಡುವಿನ ಸಂದು ನೋಡಬೇಕು. ಗಾಡಿ ತುಂಬಿದಂತೆ ಕಂಡರೂ ಮರ ಕಡಿಮೆ.

ಜಾತಿಯಲ್ಲಿ ಮತ್ತಿ, ದಿಂಡಿಗದ ಕೆಂಡಕ್ಕೆ ಹೆಸರು. ಆದರೆ ನಾನು ಹೇಳುವುದು ಅಕೇಶಿಯಾ. ನೆಡುತೋಪಿನ ಮರ, ಕೆಂಡವೂ ನಿಲ್ಲುತ್ತದೆ. ನೀಲಗಿರಿಯೂ ಆದೀತು, ಹಸಿಯಿದ್ದಾಗಲೇ ಸೀಳಿಡಬೇಕು. ಒಣಗಿದ ಮೇಲೆ ಕೊಡಲಿಗೆ ಬಗ್ಗದು. ಕಾಡಿನ ಮರ ಮಾತ್ರ ಬೇಡ. ಸೊರಬದ ಕಾನು ಎಂಬ ಕಾಡುಗಳ ಬಗ್ಗೆ ಬ್ರಿಟಿಷ್ ಕಾಲದ ಅಧಿಕಾರಿಗಳಾದ ಬ್ರಾಂಡಿಸ್ ಮತ್ತು ಗ್ರಾಂಟ್ 1868ರಲ್ಲೇ ವರದಿ ಬರೆದರು. ಮೆಣಸಿನ ಬಳ್ಳಿ ಹಬ್ಬಿದ, ದೇವರಿರುವ, ಹಳ್ಳಕ್ಕೆ ನೀರೂಡುವ ಆ ಕಾಡಿನ ಮರ ಒಲೆಗೆ ಹೋಗಕೂಡದು. ಎಲ್ಲಿಯದೆಂದು ಮಾರುವವರು ಹೇಳದ ಸೌದೆ ಎಷ್ಟು ಅಗ್ಗವಾದರೂ ಬೇಡ.

ಒಲೆಯೂ ಸೌದೆ ಉಳಿಸುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ವಿಭಾಗ ರೂಪಿಸಿದ ಅಸ್ತ್ರ ಒಲೆಯ ಗುಟ್ಟು ಮುಚ್ಚಿದ ಉರಿಗೂಡು, ಕೆಳಗೆ ಗಾಳಿಯಾಡುವ ಜಾಲರಿ, ಹೊಗೆ ಹೊರಗೆಳೆಯುವ ಚಿಮಣಿ. ಬೇಯಿಸುವ ಒಲೆ ಕಟ್ಟಿಸುವವರು ಈ ಮೂರನ್ನೂ ಕೇಳಿ ಮಾಡಿಸಿಕೊಳ್ಳಲಿ.

ಕೊಯ್ಲು ಹತ್ತಿರ ಬಂದಾಗ ಸೌದೆ ಹುಡುಕಿದರೆ ಸಿಗುವುದು ಹಸಿಯೇ, ದರವೂ ಏರಿರುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲೇ ಕೊಂಡು ಸೀಳಿಸಿ, ನೆಲಕ್ಕೆ ತಾಗದಂತೆ ಎರಡು ದಿಮ್ಮಿಯ ಮೇಲೆ ಒಟ್ಟಿ. ಜೂನ್ ಮಳೆಗೆ ಮೊದಲು ಮೇಲೆ ಮಾತ್ರ ಹೊದಿಸಿ, ಪಕ್ಕಗಳನ್ನು ಗಾಳಿಗೆ ಬಿಡಿ.