ತುಕ್ಕು ಹಿಡಿದ ಯಂತ್ರಕ್ಕೆ ಕಾಕಂಬಿ

ಕೊಟ್ಟಿಗೆಯ ಮೂಲೆಯಲ್ಲಿ ತುಕ್ಕು ಹಿಡಿದು ಕುಳಿತ ಮೇವು ಕತ್ತರಿಸುವ ಯಂತ್ರವನ್ನು ಗುಜರಿಗೆ ಹಾಕುವ ಮುನ್ನ ಸ್ವಲ್ಪ ತಾಳಿ. ಚಕ್ರ ತಿರುಗದೆಂದು ಸುತ್ತಿಗೆಯಲ್ಲಿ ಮಾತ್ರ ಹೊಡೆಯಬೇಡಿ. ಅದು ಬೀಡು ಕಬ್ಬಿಣ. ಬಾಗುವುದಿಲ್ಲ, ಒಡೆದೇ ಹೋಗುತ್ತದೆ. ಬಿಗಿದ ನಟ್ಟು, ಅಚ್ಚುಗಳಿಗೆ ಡೀಸೆಲ್ ಬಿಟ್ಟು ಎರಡು ಮೂರು ದಿನ ನೆನೆಸಿ. ಮೊದಲು ಅಲಗುಗಳನ್ನು ಬಿಚ್ಚಿ, ಮಕ್ಕಳ ಕೈಗೆ ಸಿಗದಂತೆ ಎತ್ತಿಡಿ.

ಬಿಚ್ಚಿದ ಕಬ್ಬಿಣದ ಭಾಗಗಳ ಜಿಡ್ಡನ್ನು ಸೋಪಿನ ನೀರಿನಲ್ಲಿ ತೊಳೆಯಿರಿ. ಒಂದು ಪಾಲು ಕಾಕಂಬಿಗೆ 9 ಪಾಲು ನೀರು ಬೆರೆಸಿ, ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಅವನ್ನು ಪೂರ್ತಿ ಮುಳುಗಿಸಿಡಿ. ಕಾಕಂಬಿ ತುಕ್ಕನ್ನು ಹಿಡಿದು ನೀರಿಗೆ ಎಳೆದುಕೊಳ್ಳುತ್ತದೆ. ಗಟ್ಟಿ ಕಬ್ಬಿಣವನ್ನು ಅಷ್ಟಾಗಿ ಮುಟ್ಟುವುದಿಲ್ಲ. ಆಸಿಡ್ಡು ಬೇಗ ಕೆಲಸ ಮಾಡೀತು, ನಿಜ. ಆದರೆ ತುಕ್ಕಿನ ಜೊತೆ ಒಳ್ಳೆಯ ಕಬ್ಬಿಣವನ್ನೂ ತಿಂದುಬಿಡುತ್ತದೆ. ಅದರ ಹೊಗೆ ಎದೆಗೂ ಕೆಟ್ಟದ್ದು. ಅಲ್ಯೂಮಿನಿಯಂ ಮತ್ತು ಸತು ಲೇಪಿಸಿದ ಭಾಗಗಳನ್ನು ಕಾಕಂಬಿಗೂ ಹಾಕಬೇಡಿ.

ಎರಡು ವಾರ ಹಿಡಿದೀತು, ನಡುನಡುವೆ ಎತ್ತಿ ನೋಡುತ್ತಿರಿ. ವಾಸನೆಯಂತೂ ಹೇಳತೀರದು! ಆದರೂ ಸಿಹಿಗೆ ದನ ಬಾಯಿ ಹಾಕೀತು, ಮುಚ್ಚಳ ಇರಲಿ.

ಹೊರತೆಗೆದ ಕೂಡಲೇ ಬ್ರಷ್ಷಿನಲ್ಲಿ ಉಜ್ಜಿ ತೊಳೆದು, ಬಿಸಿಲಲ್ಲಿ ಒಣಗಿಸಿ, ಆ ಗಳಿಗೆಯಲ್ಲೇ ಎಣ್ಣೆ ಸವರಿ. ಊಟ ಮುಗಿಸಿ ಬಂದು ಸವರೋಣ ಅಂದಿರೋ, ಅಷ್ಟರಲ್ಲಿ ಮತ್ತೆ ಕೆಂಪು ಏರಿರುತ್ತದೆ.