ಲಕ್ಕುಂಡಿಯ ನಿಧಿ: ಶಾಸನ ಹೇಳೋದೇ ಬೇರೆ

ಡೋಣಿ, ಡಂಬಳದ ಕಡೆಯಿಂದ ಲಕ್ಕುಂಡಿಗೆ ಹೊರಟೆ ಅಂದರೆ ಯಾರಾದರೊಬ್ಬರು ಕೇಳೇ ಕೇಳತಾರ: "ಅಲ್ಲಿ ನಿಧಿ ಐತಂತಲ್ರೀ, ಹಾವು ಕಾಯತೈತಂತ?" ಮುಟ್ಟಿದವರ ವಂಶ ಉಳಿಯೋದಿಲ್ಲ, ತೆಗೀಬೇಕಂದ್ರ ಬಲಿ ಕೊಡಬೇಕು ಅನ್ನೋ ಮಾತೂ ಬೆನ್ನಿಗೇ ಬರುತ್ತದೆ.

ಊರು ನೋಡಿದರೆ ಯಾರಿಗಾದರೂ ಹಾಗೆ ಅನ್ನಿಸಬೇಕು. ಮನೆಗಳ ನಡುವೆಯೇ ಚಾಳುಕ್ಯರ ಕಾಲದ ಗುಡಿ, ಬಸದಿ, ಬಾವಿಗಳು. ಚಿನ್ನದ ಮಾತೂ ಸುಳ್ಳಲ್ಲ. ಲೊಕ್ಕಿಗುಂಡಿಯಲ್ಲಿ ಟಂಕಸಾಲೆ ಇತ್ತು. ಇಲ್ಲಿನ ಲೊಕ್ಕಿ ಗದ್ಯಾಣ ದೂರದ ಊರುಗಳ ಶಾಸನಗಳಲ್ಲೂ ಸಿಗುತ್ತದೆ. 1007ರ ಶಾಸನ ಅತ್ತಿಮಬ್ಬೆಯ ದಾನಗಳನ್ನು ಕೊಂಡಾಡುತ್ತದೆ.

ಆದರೆ ಆ ಸಂಪತ್ತು ಹೋದದ್ದೆಲ್ಲಿಗೆ? ನಮ್ಮ ಭಾಗದ ದಾನಶಾಸನ ಯಾವುದನ್ನೇ ಓದಿ: ಇಷ್ಟು ಮತ್ತರು ಕೆಯ್, ಒಂದು ಗಾಣ, ಒಂದು ತೋಟ, ನಂದಾದೀವಿಗೆಗೆ ಎಣ್ಣೆ, ಖಂಡಸ್ಫುಟಿತ ಜೀರ್ಣೋದ್ಧಾರ (ಅಂದರೆ ಒಡೆದದ್ದರ ರಿಪೇರಿ). ಡಂಬಳದಲ್ಲಿ 1095ರ ಸುಮಾರಿಗೆ 16 ಸೆಟ್ಟಿಗಳು ಬೌದ್ಧವಿಹಾರ ಕಟ್ಟಿಸಿದರು. ಡೋಣಿಯ ಶಾಸನ ಯಾಪನೀಯ ಸಂಘದ ಮುನಿಗೆ ತೋಟ ಬಿಟ್ಟದ್ದನ್ನು ಹೇಳುತ್ತದೆ. ಹೂತಿಟ್ಟದ್ದಲ್ಲ, ಊರಿಗೆಲ್ಲ ಗೊತ್ತಿರಲಿ ಅಂತ ಕಲ್ಲಿನಲ್ಲಿ ಕೆತ್ತಿಸಿದ್ದು.

ಶಾಪವೂ ಅದೇ ಕಲ್ಲಿನಲ್ಲಿದೆ. ಈ ಧರ್ಮವನ್ನು ಕಾಪಾಡಿದವರಿಗೆ ವಾರಣಾಸಿ, ಕುರುಕ್ಷೇತ್ರದಲ್ಲಿ ಕವಿಲೆ ದಾನ ಮಾಡಿದ ಫಲ. ಅಳಿದವರಿಗೆ ಅದೇ ಕವಿಲೆಗಳನ್ನು ಕೊಂದ ಪಾಪ, 60,000 ವರ್ಷ ಹೊಲಸಿನಲ್ಲಿ ಹುಳುವಾಗಿ ಹುಟ್ಟೋದು. ಬಿಟ್ಟ ಹೊಲ ಕಬಳಿಸುವ ಮುಂದಿನ ಅರಸ, ಅಧಿಕಾರಿ, ಊರಗೌಡರಿಗೆ ಹಾಕಿದ ಬೆದರಿಕೆ ಇದು. ಅಕ್ಷರ ಓದಲಾಗದ ಕಾಲಕ್ಕೆ ಹೊಲ ಮರೆತು ಶಾಪವಷ್ಟೇ ಉಳಿದು, ಅದಕ್ಕೊಂದು ಹಾವು ಸೇರಿಕೊಂಡಿತು ಅನ್ನೋದು ನನ್ನ ಊಹೆ.

ನಷ್ಟ ಮಾತ್ರ ಊಹೆಯಲ್ಲ. ನಿಧಿಗಳ್ಳರು ಲಿಂಗ ಕಿತ್ತು, ನಂದಿ ಒಡೆದು, ಶಾಸನದ ಬುಡ ಅಗೆಯುತ್ತಾರೆ. ಶಾಸನದಲ್ಲಿ ಮೇಲೆ ಸೂರ್ಯ-ಚಂದ್ರ, ಆಮೇಲೆ ಅರಸನ ಬಿರುದಾವಳಿ. ದಾನದ ವಿವರ, ಹೊಲದ ಸೀಮೆ ಬರೋದು ಕೆಳಗೆ. ಬುಡಕ್ಕೆ ಹಾರೆ ಬಿದ್ದರೆ ಮೊದಲು ಚಕ್ಕೆ ಏಳೋದು ಆ ಸಾಲುಗಳೇ. ಸಂಪತ್ತು ಎಲ್ಲಿ ಹೋಯಿತು ಅಂತ ಬರೆದ ಜಾಗವನ್ನೇ, ಸಂಪತ್ತು ಹುಡುಕುವವರು ಅಳಿಸುತ್ತಾರೆ.

ಯಾವುದೇ ಊರಲ್ಲಿ ಬಯಲಿಗೆ ಬಿದ್ದ ಶಾಸನ ಕಂಡರೆ, ಅದರ ಕೆಳಗಿನ ಐದಾರು ಸಾಲುಗಳ ಫೋಟೊ ಮೊದಲು ತೆಗೀರಿ. ಬಿಸಿಲು ಓರೆಯಾಗಿರುವ ಬೆಳಗ್ಗೆ ಅಥವಾ ಸಂಜೆ ಅಕ್ಷರ ಚೆನ್ನಾಗಿ ಏಳುತ್ತವೆ.