ಅರ್ಜುನನ ಅಸ್ತ್ರ, ಅರ್ಜುನನ ಮನಸ್ಸು

ಮಹಾಭಾರತದ ಅರ್ಜುನನ ಬಲವು ಮೆಟ್ಟಿಲು ಮೆಟ್ಟಿಲಾಗಿ ಏರಿ, ಕಡೆಗೆ ಇಳಿದುಹೋಯಿತು. ಈ ಏರಿಳಿತವನ್ನು ಅವನ ಮನಸ್ಸಿನ ಪಕ್ಕದಲ್ಲಿಟ್ಟು ಓದಿದರೆ, ಚಿಕ್ಕಂದಿನಿಂದ ಕೇಳಿದ ಕಥೆಯೇ ಹೊಸದಾಗಿ ಕಾಣುತ್ತದೆ.

ಮೊದಲು ಅವನಿಗಿದ್ದುದು ಅಭ್ಯಾಸಬಲವೊಂದೇ. ಒಂದು ರಾತ್ರಿ ಊಟದ ಹೊತ್ತಿನಲ್ಲಿ ಗಾಳಿಗೆ ದೀಪ ಆರಿತು. ಕತ್ತಲಲ್ಲಿಯೂ ತುತ್ತು ತಪ್ಪದೆ ಬಾಯಿಗೆ ಬಂದಿತು. ಅಂದಿನಿಂದ ಕತ್ತಲಲ್ಲಿಯೇ ಬಾಣಪ್ರಯೋಗ ಕಲಿತ. ಕೈ ಪಳಗಿತು, ಮನಸ್ಸು ಪಳಗಲಿಲ್ಲ. ತನ್ನನ್ನು ಮೀರಿಸಿದ ಏಕಲವ್ಯನನ್ನು ಕಂಡು ದ್ರೋಣಾಚಾರ್ಯರಲ್ಲಿ ದೂರಿಕೊಂಡ. ಆ ಬೇಡರ ಹುಡುಗನ ಹೆಬ್ಬೆರಳು ಹೋಯಿತು. ಆಗ ಅರ್ಜುನನಿಗೆ ಸಂತೋಷವಾಯಿತೆಂಬುದನ್ನು ವ್ಯಾಸರು ಮುಚ್ಚಿಡುವುದಿಲ್ಲ.

ಆಮೇಲೆ ಖಾಂಡವದಹನದಲ್ಲಿ ಗಾಂಡೀವವೂ ಬಾಣ ಬರಿದಾಗದ ಬತ್ತಳಿಕೆಗಳೂ ದೊರೆತವು. ಇನ್ನು ತನಗೆ ಸಮಾನರಿಲ್ಲವೆಂದುಕೊಂಡವನಿಗೆ ವನವಾಸದಲ್ಲಿ ಎದುರಾದವನು ಮತ್ತೊಬ್ಬ ಬೇಡ. ಇದು ಆಕಸ್ಮಿಕವೆಂದು ನಮಗೆ ತೋರುವುದಿಲ್ಲ. ಒಂದು ಹಂದಿಗೆ ಇಬ್ಬರ ಬಾಣವೂ ನಾಟಿತು. ಬೇಟೆ ಯಾರದೆಂದು ಜಗಳ ಹತ್ತಿತು. ಬರಿದಾಗದ ಬತ್ತಳಿಕೆ ಬರಿದಾಯಿತು. ಅರ್ಜುನ ಬಿಲ್ಲಿನ ತುದಿಯಿಂದ ಹೊಡೆದ, ಬಿಲ್ಲು ಕೈಬಿಟ್ಟಿತು. ಕತ್ತಿ, ಮರ, ಬಂಡೆ, ಕೊನೆಗೆ ಬರಿಯ ಮುಷ್ಟಿ, ಒಂದೂ ಸಾಗಲಿಲ್ಲ. ಸೋತವನು ಮಣ್ಣಿನಲ್ಲಿ ಶಿವನನ್ನು ಮಾಡಿ ಹೂಮಾಲೆ ಏರಿಸಿದರೆ, ಆ ಮಾಲೆ ಬೇಡನ ತಲೆಯ ಮೇಲೆ ಕಂಡಿತು. ಕೈಯಲ್ಲಿದ್ದುದೆಲ್ಲ ಹೋದ ಮೇಲೆಯೇ ಪಾಶುಪತ ಕೈಗೆ ಬಂದಿತು. ದುರ್ಬಲರ ಮೇಲೆ ಬಿಡಬಾರದೆಂಬ ಕಟ್ಟಳೆಯೊಡನೆ. ಇಡೀ ಭಾರತ ಓದಲು ಬಿಡುವಿಲ್ಲದವರು ಈ ಭಾಗವೊಂದನ್ನಾದರೂ ಓದಬೇಕು.

ಹಾಗೆಂದು ಅವನು ಒಂದೇ ಪೆಟ್ಟಿಗೆ ಮಾಗಿದನೆಂದಲ್ಲ. ಸ್ವರ್ಗದಿಂದ ಮರಳಿದವನು ಅಣ್ಣತಮ್ಮಂದಿರಿಗೆ ದಿವ್ಯಾಸ್ತ್ರಗಳನ್ನು ತೋರಿಸಹೊರಟ. ಭೂಮಿ ನಡುಗಿತು, ನಾರದರು ಬಂದು ತಡೆಯಬೇಕಾಯಿತು. ಹೊಸ ವಸ್ತುವನ್ನು ಮನೆಯವರಿಗೆ ತೋರಿಸುವ ಆಸೆ ಅರ್ಜುನನನ್ನೂ ಬಿಡಲಿಲ್ಲ! ಆ ಆಸೆ ಹೋದದ್ದು ವಿರಾಟನ ಮನೆಯಲ್ಲಿ, ಗಾಂಡೀವವನ್ನು ಬನ್ನಿಮರದಲ್ಲಿ ಕಟ್ಟಿಟ್ಟು, ಬೃಹನ್ನಳೆಯಾಗಿ ಹುಡುಗಿಯರಿಗೆ ಕುಣಿತ ಕಲಿಸುತ್ತ ಕಳೆದ ವರ್ಷದಲ್ಲಿ ಎಂದು ನಮ್ಮ ಊಹೆ.

ಮಾಗಿದ ಮನಸ್ಸು ಕಾಣುವುದು ಯುದ್ಧ ಮುಗಿದ ಮೇಲೆ. ಅಶ್ವತ್ಥಾಮನು ಪಾಂಡವರ ನಾಶಕ್ಕೆಂದು ಬ್ರಹ್ಮಶಿರೋಸ್ತ್ರವನ್ನು ಬಿಟ್ಟ. ಅರ್ಜುನನೂ ಅದನ್ನೇ ಬಿಟ್ಟ. ಆದರೆ ಮೊದಲು ಗುರುಪುತ್ರನಿಗೂ, ಆಮೇಲೆ ತನಗೂ ಸಹೋದರರಿಗೂ ಒಳ್ಳೆಯದಾಗಲೆಂದು ಹೇಳಿ, ಆ ಅಸ್ತ್ರ ಶಾಂತವಾಗಲೆಂದು ಬಿಟ್ಟ. ನಾರದರೂ ವ್ಯಾಸರೂ ನಡುವೆ ನಿಂತರು. ಅರ್ಜುನ ತನ್ನದನ್ನು ಹಿಂದಕ್ಕೆ ತೆಗೆದುಕೊಂಡ. ಅಶ್ವತ್ಥಾಮನಿಗೆ ಅದು ಆಗಲಿಲ್ಲ. ಅವನ ಅಸ್ತ್ರ ಉತ್ತರೆಯ ಗರ್ಭದ ಮೇಲೆ ಹೋಯಿತು. ಗುರು ಒಬ್ಬರೇ, ವಿದ್ಯೆ ಒಂದೇ. ಬಿಡುವುದನ್ನು ಇಬ್ಬರೂ ಬಲ್ಲರು. ಹಿಂದೆಗೆಯಲು ವ್ರತನಿಷ್ಠನಾದವನೇ ಬೇಕೆಂದು ವ್ಯಾಸರ ಮಾತು.

ನಮ್ಮ ಪಂಪನು 941ರ ತನ್ನ ಕಾವ್ಯದಲ್ಲಿ ಅರ್ಜುನನಿಗೆ ಪಟ್ಟಕಟ್ಟಿ ಮುಗಿಸಿದ. ಆಶ್ರಯದಾತನಾದ ಅರಿಕೇಸರಿಯನ್ನೇ ಅರ್ಜುನನೆಂದು ಹಾಡಿದವನು ಇನ್ನೇನು ಮಾಡಿಯಾನು? ಕುಮಾರವ್ಯಾಸನು ಹತ್ತು ಪರ್ವಗಳಿಗೆ ನಿಂತ; ಉಳಿದುದನ್ನು ಕನ್ನಡದಲ್ಲಿ ಪೂರೈಸಿದವನು ತಿಮ್ಮಣ್ಣಕವಿ. ಆ ಕೊನೆಯ ಪರ್ವಗಳಲ್ಲಿಯೇ ಇಳಿತವಿರುವುದು.

ಕೃಷ್ಣನು ಹೋಗಿಬಿಟ್ಟಿದ್ದ. ದ್ವಾರಕೆಯ ಹೆಂಗಸರನ್ನು ಕರೆತರುವ ದಾರಿಯಲ್ಲಿ ದೊಣ್ಣೆ ಹಿಡಿದ ಕಳ್ಳರು ಬಿದ್ದರು. ಗಾಂಡೀವಕ್ಕೆ ಹೆದೆಯೇರಿಸುವುದೇ ಕಷ್ಟವಾಯಿತು. ಅಸ್ತ್ರಗಳ ನೆನಪು ಬರಲಿಲ್ಲ. ಬಾಣ ಮುಗಿದಾಗ, ಅಂದು ಶಿವನನ್ನು ಹೊಡೆದಂತೆಯೇ, ಬಿಲ್ಲಿನ ತುದಿಯಿಂದ ಕಳ್ಳರನ್ನು ಹೊಡೆದ. ಅವರು ಹೆಂಗಸರನ್ನು ಎಳೆದೊಯ್ದರು. ದುಃಖದಿಂದ ಆಶ್ರಮಕ್ಕೆ ಬಂದವನಿಗೆ, ಆ ಅಸ್ತ್ರಗಳ ಕೆಲಸ ಮುಗಿಯಿತೆಂದು ವ್ಯಾಸರು ತಿಳಿಹೇಳಿದರು. ಆದರೂ ಮಹಾಪ್ರಸ್ಥಾನಕ್ಕೆ ಹೊರಟಾಗ ಅವನು ಗಾಂಡೀವವನ್ನು ಹೊತ್ತೇ ನಡೆದ. ಅಗ್ನಿಯು ದಾರಿಗಡ್ಡ ನಿಂತು, ವರುಣನದನ್ನು ವರುಣನಿಗೇ ಕೊಡೆಂದು ಕೇಳಿದ ಮೇಲೆ, ಬಿಲ್ಲನ್ನೂ ಎರಡು ಬತ್ತಳಿಕೆಗಳನ್ನೂ ನೀರಿಗೆ ಹಾಕಿದ.